ಮುಂದೆ ಓಡುವವನು ಬಾರದ ಬೆಳಗು

ಓಟದ ಆ ವೇಗ ಅವಳಿಗೆ ಪುಕ್ಕಟೆ ಬಂದದ್ದಲ್ಲ. ಎರಡು ಕಾಲುಗುರು, ಗೆಳತಿಯರ ಮದುವೆಗಳು, ಬೆಳಗಿನ ಸವಿನಿದ್ದೆ... ಎಲ್ಲವನ್ನೂ ತೆತ್ತಿದ್ದಳು. ಅಂಥವಳನ್ನು ಒಬ್ಬ ಇಸ್ತ್ರಿ ಅಂಗಡಿಯವನು ನಡುನೀರಿನಲ್ಲಿ ಕೈಬಿಟ್ಟರೆ ಸುಮ್ಮನಿರುತ್ತಾಳೆಯೇ?

ಶನಿವಾರ ಸಂಜೆ ಅವಳು ಅಂಗಡಿಗೆ ನುಗ್ಗಿದಾಗ ಅವನು ಬಿಳಿ ಅಂಗಿಯೊಂದರ ಕಾಲರ್ ಒತ್ತುತ್ತಿದ್ದ.

"ಮೂರು ದಿನ ಮೈದಾನಕ್ಕೆ ಬರದೆ ಎಲ್ಲಿ ಸತ್ತಿದ್ದೆ?"

"ಮೆಲ್ಲಗೆ. ಗಿರಾಕಿಗಳಿದ್ದಾರೆ."

"ಅವರೂ ಕೇಳಿಸಿಕೊಳ್ಳಲಿ."

ಎರಡು ವರ್ಷದಿಂದ ದಿನವೂ ಮೈದಾನದಲ್ಲಿ ಅವನು ಅವಳ ಮುಂದೆ ಓಡುತ್ತಿದ್ದ. ಎದುರುಗಾಳಿ ಅವನ ಎದೆಗೆ, ಅವನ ಬೆನ್ನು ಅವಳ ಕಣ್ಣಿಗೆ. ಈಗ ವಿದೇಶದ ವಿಶ್ವವಿದ್ಯಾಲಯವೊಂದು ಓಟದ ತಂಡದಲ್ಲಿ ಜಾಗ, ಫಿಸಿಯೋಥೆರಪಿ ಓದಲು ಸೀಟು, ಎರಡನ್ನೂ ಕೊಡಲು ಒಪ್ಪಿತ್ತು. ಕೇಳಿದ ವೇಗದಲ್ಲಿ ಓಡಿದ ವಿಡಿಯೋ ಭಾನುವಾರದೊಳಗೆ ತಲುಪಬೇಕು, ಅಷ್ಟೇ. ಮುಂದೆ ಓಡುತ್ತೇನೆಂದು ಮಾತು ಕೊಟ್ಟವನೇ ನಾಪತ್ತೆ!

"ಅಲ್ಲಿ ನಿನ್ನ ಮುಂದೆ ಓಡೋಕೆ ನಾನಿರಲ್ಲ," ಎಂದ ಅವನು, ತಲೆ ಎತ್ತದೆ. "ಒಬ್ಬಳೇ ಓಡೋದು ಕಲಿ. ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದನ್ನ ನಿನಗೆ ಇಸ್ತ್ರಿಗೆ ಕೊಟ್ಟಿದ್ನಾ?"

ಅವನ ಕೈ ನಿಂತಿತು. ಕಾಲರ್ ಸುಟ್ಟ ವಾಸನೆ ಎದ್ದಿತು. ಅವಳು ತಿರುಗಿ ನೋಡದೆ ಮೆಟ್ಟಿಲಿಳಿದಳು.

ಮರುದಿನ ಮೈದಾನದಲ್ಲಿ ಅಕ್ಕ ಮೊಬೈಲ್ ಹಿಡಿದು ನಿಂತಳು.

"ಅವನು ಬರಲ್ವೇನೆ?"

"ಅವನ ಸುದ್ದಿ ಎತ್ತಿದ್ರೆ ಮೊಬೈಲ್ ಕಿತ್ಕೋತೀನಿ."

"ಸರಿ, ಓಡು ಕುಕ್ಕರ್. ಇಲ್ಲೇ ಸೀಟಿ ಹೊಡೀಬೇಡ."

ಮೊದಲೆರಡು ಸುತ್ತು ಸಿಟ್ಟೇ ಓಡಿಸಿತು. ಮೂರನೆಯದರಲ್ಲಿ ಗಾಳಿ ನೇರ ಎದೆಗೆ ಬಡಿಯಿತು. ಕಣ್ಣು ಅಭ್ಯಾಸಬಲದಿಂದ ಆ ಬೆನ್ನನ್ನು ಹುಡುಕಿತು. ಇಲ್ಲ. ಹೆಜ್ಜೆ ತಡವರಿಸಿತು.

'ಬೆನ್ನು ಅವನದು... ಕಾಲು ನನ್ನವೇ ತಾನೇ?'

ಹಲ್ಲು ಕಚ್ಚಿದಳು. ಗೆರೆ ದಾಟಿ ನೆಲಕ್ಕೆ ಕುಸಿದಾಗ ಅಕ್ಕ ಗಡಿಯಾರ ನೋಡಿ, "ಆಯ್ತು ಕಣೇ... ಅವರು ಕೇಳಿದ್ದಕ್ಕಿಂತ ಬೇಗ!" ಎಂದು ಅಳುತ್ತಲೇ ವಿಡಿಯೋ ಕಳಿಸಿದಳು.

ಆಗಲೇ ಗೇಟಿನ ಬಳಿ ಅವನು ಕಂಡ. ಕಾಲಲ್ಲಿ ಓಟದ ಬೂಟು, ಲೇಸು ಕಟ್ಟಿರಲಿಲ್ಲ.

"ಓಡೋಕೆ ಬಂದೆ..."

"ಮುಗೀತು."

"ನಿನ್ನೆ ಹೇಳಿದ್ದು ಸುಳ್ಳು." ಅವನು ಗೇಟಿನ ಸರಳು ಹಿಡಿದ. "ನಾನು ಮುಂದೆ ಓಡಿದಷ್ಟೂ ನೀನು ದೂರ ಹೋಗ್ತೀಯ. ಅದಕ್ಕೇ ಹೊಟ್ಟೆ ಉರೀತು. ಸೀಟು ತಪ್ಪಲಿ ಅಂತಲೇ ಬರಲಿಲ್ಲ. ನಿನ್ನನ್ನ ಬಿಟ್ಟಿರೋಕೆ ನನ್ನ ಕೈಲಿ ಆಗಲ್ಲ."

ಕೆನ್ನೆಗೆ ಬಾರಿಸಬೇಕೆನ್ನಿಸಿತು ಅವಳಿಗೆ. ಆದರೂ ಆ ಕೊಳಕು ನಿಜ ನಿನ್ನೆಯ ಇಸ್ತ್ರಿ ಹಾಕಿದ ಸುಳ್ಳಿಗಿಂತ ವಾಸಿ ಎನ್ನಿಸಿತು.

"ಮೊದಲೇ ಹೇಳೋಕೆ ಏನಾಗಿತ್ತು ರೋಗ?"

"ಹೇಳಿದ್ರೆ ನೀನು ಹೋಗದೆ ಉಳಿದುಬಿಡ್ತಿದ್ದೆ, ಆ ತಪ್ಪು ನನ್ನ ತಲೆಗೆ ಬರ್ತಿತ್ತು."

"ಭಾರಿ ಹೇಳಿಬಿಟ್ಟೆ! ಹೋಗೇ ಹೋಗ್ತಿದ್ದೆ. ಅಲ್ಲಿಂದ ದಿನಾ ಫೋನ್ ಮಾಡಿ ಬೈತಿದ್ದೆ."

"ಈಗ?"

"ಈಗಲೂ ಬೈತೀನಿ. ಫೋನ್ ಎತ್ತದೆ ಇದ್ರೆ ನೋಡು." ಅವಳ ಕಣ್ಣು ತುಂಬಿತು. "ನನಗೇನು ಬಿಟ್ಟಿರೋದು ಸುಲಭ ಅಂದ್ಕೊಂಡ್ಯಾ?"

ಅವನು ಬಗ್ಗಿ ಲೇಸು ಕಟ್ಟಿಕೊಂಡ.

"ನಾಳೆ ಬೆಳಗ್ಗೆ ಬರ್ಲಾ?"

"ಬಾ. ಪಕ್ಕದಲ್ಲಿ ಓಡು. ನಿನ್ನ ಬೆನ್ನು ನೋಡಿ ಸಾಕಾಗಿದೆ."

ಆ ಭಾನುವಾರ ಅವಳಿಗೆ ದಕ್ಕಿದ್ದು ದೂರದ ಸೀಟು, ಹತ್ತಿರದವನ ಬಾಯಿಂದ ಒಂದು ನಿಜ. ಅವನು ಕಳೆದುಕೊಂಡದ್ದು ಅವಳ ಮುಂದಿನ ಜಾಗ, ಮತ್ತೆ ಗಿರಾಕಿಯ ಒಂದು ಬಿಳಿ ಅಂಗಿ.