ಶೇವಂತಾ ಇಲ್ಲದ ತಂಡ

“ಈ ಎಕ್ಸ್‌ರೇ ಯಾರಿಗೂ ತೋರಿಸಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ...”

ಕಲಬುರಗಿಯ ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯಲ್ಲಿ ಶೇವಂತಾ ಇನ್ನೂ ಹಸಿಯಾಗಿದ್ದ ಫಿಲ್ಮನ್ನು ಎದೆಗವಚಿಕೊಂಡು ನಿಂತಿದ್ದಳು.

ಎಕ್ಸ್‌ರೇ ತೆಗೆದ ದತ್ತಪ್ಪ ಗಾಬರಿಯಾದ. “ಮೊಣಕಾಲ ಚಿಪ್ಪು ಸೀಳ್ಯಾದ್ರಿ! ಹಿಂಗೇ ಆಡಿದ್ರ ಜನ್ಮಪೂರ್ತಿ ಕುಂಟಬೇಕಾಗ್ತದ!”

“ಕುಂಟ್ತೀನಿ! ಹನ್ನೊಂದು ದಿನಕ್ಕ ನಂದು ವಿಮಾನ ಅದ!”

ತೊಂಬತ್ತರ ದಶಕದ ಮಾತು. ಕಮಲಾಪುರದ ಬಾಳೆತೋಟಗಳಲ್ಲಿ ಕೂಲಿ ಮಾಡುವ ಅಂಬಣ್ಣನ ಮಗಳು ಭಾರತ ತಂಡದ ಗೋಲ್‌ಕೀಪರ್ ಆಗಿದ್ದಳು. ಏಷ್ಯಾದ ಮಹಿಳಾ ಫುಟ್‌ಬಾಲ್ ಪಂದ್ಯಾವಳಿಗೆ ಹೊರಡುವ ಮುನ್ನ ನಾಲ್ಕು ದಿನ ರಜೆಗೆ ಬಂದವಳು, ಊರಲ್ಲೇ ಅಭ್ಯಾಸ ಮಾಡುವಾಗ ಮೊಣಕಾಲನ್ನು ಗೋಲು ಕಂಬಕ್ಕೆ ಬಡಿದುಕೊಂಡಿದ್ದಳು.

ದತ್ತಪ್ಪನಿಗೆ ಆ ಕಣ್ಣುಗಳ ಎದುರು ಇಲ್ಲ ಎನ್ನಲಾಗಲಿಲ್ಲ.

“ನನ್ನ ಬಾಯಿಂದ ಹೊರಗ ಬರಂಗಿಲ್ಲ. ಆದ್ರ ನೀವೇ ವಿಚಾರ ಮಾಡ್ರಿ.”

ಮರುದಿನ ಸಂಜೆ ಆತ ಕಮಲಾಪುರಕ್ಕೇ ಬಂದ, ಮೊಣಕಾಲಿಗೆ ಪಟ್ಟಿ ಕಟ್ಟಲು. ಒಂದೊಂದು ಸುತ್ತಿಗೂ ಆತ ತಾನೇ ಮುಖ ಹಿಂಡುತ್ತಿದ್ದ.

‘ನೋವು ನನಗೋ, ಇವರಿಗೋ?’ ಶೇವಂತಾಳಿಗೆ ನಗು ಬಂತು. ಆತ ಹೋದ ಮೇಲೂ ಬಹಳ ಹೊತ್ತು ಬಾಗಿಲ ಕಡೆಗೇ ನೋಡಿದಳು.

ಮೂರನೆಯ ದಿನ ಊರಿನ ಎಸ್‌ಟಿಡಿ ಬೂತಿಗೆ ಆಕೆಗಾಗಿ ಫೋನು ಬಂತು. ಕೋಚ್ ಮೇಡಂ!

“ಎಕ್ಸ್‌ರೇ ವಿಷಯ ಗೊತ್ತಾಯಿತು, ಶೇವಂತಾ. ನಿನ್ನ ಹೆಸರು ತೆಗೆದಿದ್ದೇವೆ.”

ಅತ್ತಳು, ಬೇಡಿಕೊಂಡಳು. ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ಕುಂಟುತ್ತಲೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು. “ನೀವೇ ಹೇಳಿದ್ರಿ, ಹೌದಲ್ಲ?”

ದತ್ತಪ್ಪ ತಲೆ ತಗ್ಗಿಸಿದ.

“ನಂಬಿದ್ದೆ ನಿಮ್ಮನ್ನ! ಇನ್ನ ನಿಮ್ಮ ಮಾರಿ ನೋಡಂಗಿಲ್ಲ!”

ಅದೇ ದಿನ ಕಾಲಿಗೆ ಪ್ಲಾಸ್ಟರ್ ಬಿತ್ತು. ಆಕೆಯಿಲ್ಲದೆ ತಂಡ ವಿಮಾನ ಹತ್ತಿತು.

ಮೊದಲ ಪಂದ್ಯದ ಸುದ್ದಿ ಪೇಪರಿನ ಮೂಲೆಯಲ್ಲಿ ಎರಡೇ ಸಾಲು. ಭಾರತಕ್ಕೆ ಸೋಲು, ಐದು ಗೋಲು. ಆ ಎರಡು ಸಾಲುಗಳನ್ನು ಶೇವಂತಾ ಮತ್ತೆ ಮತ್ತೆ ಓದಿದಳು. ಆಮೇಲೆ ಪ್ಲಾಸ್ಟರಿನ ಮೇಲೆ ಮುಷ್ಟಿಯಿಂದ ಗುದ್ದತೊಡಗಿದಳು.

ಅಂಬಣ್ಣ ಓಡಿ ಬಂದು ಆ ಕೈ ಹಿಡಿದ.

“ಬ್ಯಾಡವ್ವಾ... ನನ್ನ ಹೊಡಿ. ಆ ಹುಡುಗ ಹೇಳಿಲ್ಲ. ನಾನೇ...”

“ಅಪ್ಪಾ?”

“ನಿನ್ನ ಚೀಲದಾಗ ಆ ಫಿಲ್ಮ್ ಸಿಕ್ತು. ಇಲ್ಲಿ ಡಾಕ್ಟರಿಗೆ ತೋರಿಸ್ದೆ, ಕಾಲೇ ಹೋಗ್ತದ ಅಂದ್ರು. ನಿಮ್ಮ ಮೇಡಂಗೆ ನಾನೇ ಫೋನ್ ಮಾಡ್ದೆ. ನನ್ನ ಮಗಳು ನನ್ನ ಕೂಡ ಮಾತು ಬಿಡ್ತಾಳ, ನನ್ನ ಹೆಸರು ಹೇಳಬ್ಯಾಡಪ್ಪಾ ಅಂತ ಆಸ್ಪತ್ರೆಗೆ ಹೋಗಿ ಆ ಹುಡುಗನ ಕೈ ಹಿಡ್ಕೊಂಡೆ.”

ಶೇವಂತಾ ಅಪ್ಪನ ಮೇಲೆ ಕೂಗಬೇಕೆಂದುಕೊಂಡಳು. ಆಗಲಿಲ್ಲ. ಆತನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದಳು.

ಆರು ವಾರದ ಮೇಲೆ ಪ್ಲಾಸ್ಟರ್ ತೆಗೆಸಿಕೊಂಡು ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತಳು.

“ಯಾಕ ಸುಮ್ಕಿದ್ರಿ ಅವತ್ತ?”

ದತ್ತಪ್ಪ ಬೆಚ್ಚಿದ. ಆಮೇಲೆ ಮೆಲ್ಲಗೆ ಹೇಳಿದ, “ನಿಮಗ ಅಪ್ಪ ಬೇಕಿದ್ರು. ನಾ ಏನ್ರಿ, ಎಕ್ಸ್‌ರೇ ತೆಗಿಯಾವ.”

“ಆ ಐದು ಗೋಲಿನಾಗ ಎರಡಾದ್ರೂ ತಡೀತಿದ್ದೆ ನಾ...”

“ತಡೀತಿದ್ರಿ. ನಂಗೊತ್ತದ.”

ಸಮಾಧಾನದ ಒಂದು ಸುಳ್ಳನ್ನೂ ಆತ ಹೇಳಲಿಲ್ಲ. ಅದಕ್ಕೇ ಆಕೆಯ ಕಣ್ಣು ತುಂಬಿತು.

“ಮೊದಲ ನಿಮ್ಮನ್ನ ಬೈಕೋತ ಕುಂತಿದ್ದೆ. ಅಪ್ಪ ಖರೇ ಹೇಳಿದ ಮ್ಯಾಲ ಬೈಯೋದು ಮುಗೀತು... ಆದ್ರೂ ನೀವು ನೆನಪಿನಿಂದ ಹೋಗ್ಲಿಲ್ಲ.”

“ಶೇವಂತಾ...” ಮೊದಲ ಸಲ ಆತ ಬರೀ ಹೆಸರು ಹಿಡಿದು ಕರೆದ. “ಮತ್ತ ಆಡಾಕ ಆಗ್ತದೋ ಇಲ್ಲೋ, ನಂಗ ಹೇಳಾಕ ಬರಂಗಿಲ್ಲ. ಜೋಡಿ ಇರ್ತೀನಿ ಅಂತ ಅಷ್ಟೇ ಹೇಳಬಲ್ಲೆ.”

“ನಾ ದಿನಾ ಅಳ್ತೀನಿ ಮತ್ತ.”

“ಅಳು.”

“ಸಿಟ್ಟೂ ಮಾಡ್ತೀನಿ.”

“ಮಾಡು. ಮಾರಿ ನೋಡಂಗಿಲ್ಲ ಅಂತ ಮಾತ್ರ ಅನಬ್ಯಾಡ.”

ಶೇವಂತಾ ತಲೆಯೆತ್ತಿ ಆತನ ಮುಖವನ್ನೇ ನೋಡಿದಳು.