ಸೈಕಲ್ಲಿಗೆ ಕಟ್ಟಿದ ಬುತ್ತಿ

"ನಿಲ್ಲು! ನಿಲ್ಲಯ್ಯಾ!"

ನಿಲ್ಲಲಿಲ್ಲ. ಚರ್ಮದ ಕೋಟಿನ ಆ ದಢೂತಿ ಆಸಾಮಿ ಓಶ್ ವಿಮಾನ ನಿಲ್ದಾಣದ ಬಾಗಿಲು ದಾಟಿ ಟ್ಯಾಕ್ಸಿಗಳ ನಡುವೆ ನುಗ್ಗಿದ. ಅವನ ಬೆನ್ನಿಗೆ ನಾನು!

ಎರಡು ನಿಮಿಷದ ಹಿಂದೆ ಎಲ್ಲ ನೆಟ್ಟಗಿತ್ತು.

ನಾನು ಶೈಲೋಬೆಕ್. ಸೈಕಲ್ ಸವಾರರ ಸಾಮಾನನ್ನು ವಿಮಾನಕ್ಕೆ ಪ್ಯಾಕ್ ಮಾಡಿಕೊಡುವುದು ನನ್ನ ಕಸುಬು. ನಗಬೇಡಿ! ಹನ್ನೊಂದು ವರ್ಷದಲ್ಲಿ ನಾನು ಕಟ್ಟಿದ ಒಂದೇ ಒಂದು ಪೆಟ್ಟಿಗೆಯನ್ನೂ ಯಾರೂ ಬಿಚ್ಚಿಸಿರಲಿಲ್ಲ. ಸ್ಪ್ಯಾನರುಗಳೆಲ್ಲ ದೊಡ್ಡ ಪೆಟ್ಟಿಗೆಗೆ, ಕೈಚೀಲಕ್ಕೆ ಒಂದೂ ಇಲ್ಲ. ಚೈನಿಗೆ ಸುಲಭವಾಗಿ ಬೆಂಕಿ ಹಿಡಿಯದ ಎಣ್ಣೆ, ಅದೂ ಪುಟ್ಟ ಬಾಟಲಿಯಲ್ಲಿ, ಎರಡು ಕವರ್ ಸುತ್ತಿ. ಪಂಕ್ಚರಿಗೆ ಸೊಲ್ಯೂಷನ್ ಬೇಡ, ಸುಮ್ಮನೆ ಒತ್ತಿದರೆ ಅಂಟುವ ಪ್ಯಾಚ್ ಸಾಕು. ಸ್ಪ್ರೇ, ಪೆಟ್ರೋಲ್... ಹೆಸರೆತ್ತಬೇಡಿ!

ಬೇಗಿಮಾಯ್‌ಳ ಪೆಟ್ಟಿಗೆಯನ್ನೂ ಹಾಗೆಯೇ ಕಟ್ಟಿದ್ದೆ. ಇಪ್ಪತ್ತರ ಹುಡುಗಿ, ಸೈಕಲ್ ಹತ್ತಿದರೆ ಗಾಳಿ. ಮಾರನೆಯ ದಿನ ರಾಜಧಾನಿ ಬಿಷ್ಕೆಕ್‌ನಲ್ಲಿ ದೇಶದ ತಂಡಕ್ಕೆ ಆಯ್ಕೆಯ ರೇಸು. ರೇಸಿನ ಹಿಂದಿನ ದಿನವಾದ ಅಂದೇ ಮಧ್ಯಾಹ್ನದೊಳಗೆ ಅಲ್ಲಿ ಹೆಸರು ಕೊಡದಿದ್ದರೆ ಮುಗಿಯಿತು, ಇನ್ನೆರಡು ವರ್ಷ ಕಾಯಬೇಕು. ಆ ವಿಮಾನ ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ.

ಅವಳ ಪೆಟ್ಟಿಗೆ ಬೆಲ್ಟಿನ ಮೇಲೆ ಸಾಗಿ ಒಳಗೆ ಮರೆಯಾಗುವಾಗ ನೋಡಿದೆ. ನಾನು ಸುತ್ತಿದ್ದು ಹಳದಿ ಟೇಪು. ಪೆಟ್ಟಿಗೆಯ ಮೇಲಿದ್ದದ್ದು ಕಂದು ಟೇಪು!

ಯಾರೋ ಬಿಚ್ಚಿದ್ದಾರೆ!

ತಿರುಗಿದೆ. ಕಂಬದ ಹಿಂದೆ ಚರ್ಮದ ಕೋಟು. ಕಣ್ಣಿಗೆ ಕಣ್ಣು ಬಿದ್ದದ್ದೇ ತಡ... ಓಟ ಕಿತ್ತ.

"ಬಿಷ್ಕೆಕ್! ಬಿಷ್ಕೆಕ್! ಒಂದೇ ಸೀಟು ಖಾಲಿ!" ಟ್ಯಾಕ್ಸಿಯವನೊಬ್ಬ ನನ್ನ ತೋಳು ಹಿಡಿದ.

"ಬಿಡಯ್ಯಾ!"

ಕರಬೂಜದ ರಾಶಿಯನ್ನು ಹಾರಿದೆ. ಮಾರುವ ಹೆಂಗಸು ನನ್ನ ಏಳು ತಲೆಮಾರನ್ನೂ ಜಾಲಾಡಿದಳು. ಕೊನೆಗೆ ಒಂದು ಲಾರಿಯ ಪಕ್ಕ ಕೋಟಿನ ಕಾಲರ್ ಕೈಗೆ ಸಿಕ್ಕಿತು. ಬಾಗಿಲಿಗೆ ಒತ್ತಿ ಹಿಡಿದೆ.

"ಯಾವ ತಂಡದೋರು ಕಳಿಸಿದ್ದು ನಿನ್ನ? ಬೊಗಳು!"

"ತಂಡ ಗಿಂಡ ಏನಿಲ್ಲಪ್ಪ... ನಾನು ಬೇಗಿಮಾಯ್ ಸೋದರಮಾವ! ತುರ್ದುಬಾಯ್!"

"ಮಾವ ಆದ್ರೆ ಓಡಿದ್ಯಾಕೆ?"

"ಪೆಟ್ಟಿಗೆ ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ಯಂತಲ್ಲ! ಹುಡುಗಿ ಹೇಳಿದ್ಲು."

"ಏನಿಟ್ಟೆ ಒಳಗೆ?"

"ಜಾಸ್ತಿ ಏನಿಲ್ಲ. ಚೈನ್ ತೊಳ್ಯಕ್ಕೆ ಒಂದು ಬಾಟ್ಲು ಪೆಟ್ರೋಲು. ಎರಡು ಟ್ಯೂಬು ಸೊಲ್ಯೂಷನ್ನು. ಒಂದು ಡಬ್ಬ ಸ್ಪ್ರೇ..."

ಅವನ ಕಾಲರ್ ಬಿಟ್ಟುಬಿಟ್ಟೆ.

"ಅಜ್ಜಿ ಒಣಮೊಸರಿನ ಉಂಡೆ, ಕುರುತ್ ಕೊಟ್ರು, ದೊಡ್ಡಮ್ಮ ರೊಟ್ಟಿ ಕೊಟ್ರು. ಮಾವ ಅನ್ನಿಸ್ಕೊಂಡೋನು ಬರಿಗೈಲಿ ಕಳಿಸಕ್ಕಾಗುತ್ತಾ? ಲಾರಿಯವನು ನಾನು. ಸೈಕಲ್ಲಿಗೆ ಬುತ್ತಿ ಕಟ್ದೆ!"

ನಮ್ಮ ಕಡೆ ಹೀಗೇ. ಹೊರಟವರ ಚೀಲದಲ್ಲಿ ಬಂಧುಬಳಗದವರೆಲ್ಲರ ಕೈ ಆಡದಿದ್ದರೆ ಅದು ಪ್ರಯಾಣವೇ ಅಲ್ಲ. ಇದು ಗೊತ್ತಿದ್ದೂ ಹಿಂದಿನ ಸಂಜೆಯೇ ಪೆಟ್ಟಿಗೆಯನ್ನು ಅವರ ಮನೆಯಲ್ಲಿ ಬಿಟ್ಟು ಬಂದಿದ್ದೆನಲ್ಲ, ನಾನೆಂಥ ಪೆದ್ದ!

ವಾಪಸ್ ಓಟ! ಹಿಂದೆ ಮಾವ, ಬುಸುಬುಸು ಅನ್ನುತ್ತಾ.

ತಡವಾಗಿತ್ತು. ತಪಾಸಣೆಯ ಮೇಜಿನ ಮೇಲೆ ಪೆಟ್ಟಿಗೆ ಬಾಯಿ ತೆರೆದು ಕುಳಿತಿತ್ತು. ಪಕ್ಕದಲ್ಲಿ ಬಾಟಲಿ. ಅದರ ಪಕ್ಕದಲ್ಲಿ ಅಧಿಕಾರಿ ಜಿಪರ್ ಅಕ್ಕ, ಮುಖ ಗಂಟಿಕ್ಕಿಕೊಂಡು. ಬೇಗಿಮಾಯ್‌ಳ ತುಟಿ ಬಿಳಿಚಿಕೊಂಡಿತ್ತು.

"ಇದನ್ನ ಕಟ್ಟಿದ್ದು ಯಾರಮ್ಮ? ನೀನಾ?"

ಹೌದೆಂದರೆ ಅವಳ ಪ್ರಯಾಣ ರದ್ದು. ಮನೆಯವರು ಎಂದರೆ ಪೊಲೀಸರು, ಹೇಳಿಕೆ, ಸಹಿ... ಅಷ್ಟರಲ್ಲಿ ವಿಮಾನ ಆಕಾಶದಲ್ಲಿ! ಮಾವ ಬಾಯಿ ತೆರೆದ. ಅವನ ಕಾಲನ್ನು ಬಲವಾಗಿ ತುಳಿದೆ.

"ನಾನು ಕಟ್ಟಿದ್ದು ಅಕ್ಕಾ. ಎಲ್ಲಾ ನಾನೇ ಇಟ್ಟಿದ್ದು. ಹುಡುಗಿಗೆ ಏನೂ ಗೊತ್ತಿಲ್ಲ."

"ನೀನಾ? ಶೈಲೋಬೆಕ್? ಪೆಟ್ರೋಲು?!"

"ಹೂಂ... ಬುದ್ಧಿ ಕೆಟ್ಟಿತ್ತು."

ಜಿಪರ್ ಅಕ್ಕ ನನ್ನನ್ನು ನೋಡಿದಳು. ಮಾವನನ್ನು ನೋಡಿದಳು. ಕಾಲು ಹಿಡಿದುಕೊಂಡು ಅವನು ಕುಂಟುತ್ತಿದ್ದ. ಅವಳಿಗೆ ಎಲ್ಲ ಅರ್ಥವಾಗಿತ್ತು. ಆದರೂ ಪೆನ್ನು ತೆಗೆದು ನನ್ನ ಹೆಸರನ್ನೇ ಬರೆದುಕೊಂಡಳು.

"ಸರಿ. ಇನ್ಮೇಲೆ ನೀನು ಕಟ್ಟಿದ ಒಂದೊಂದು ಪೆಟ್ಟಿಗೆನೂ ನನ್ನ ಮುಂದೆ ಬಿಚ್ಚಬೇಕು. ತಳದವರೆಗೂ!"

"ಆಯ್ತಕ್ಕ."

"ಆರು ನಿಮಿಷ ಇದೆ. ಇವನ್ನೆಲ್ಲ ತೆಗೆದು ಈಚೆ ಹಾಕು!"

ಹಾಕಿದೆ. ಬಾಟಲಿಗೆ ಸುತ್ತಿದ್ದ ಪೆಟ್ರೋಲ್ ವಾಸನೆಯ ಬಟ್ಟೆಯನ್ನೂ ಕಿತ್ತು ಎಸೆದೆ. ಟೇಪು ಸುತ್ತಿದೆ.

"ಅಣ್ಣಾ, ನಿಮ್ಮ ಹೆಸರು..." ಬೇಗಿಮಾಯ್ ಶುರುಮಾಡಿದಳು.

"ಹೆಸರು ಕಟ್ಕೊಂಡು ಏನ್ಮಾಡ್ತೀಯ? ಓಡು!"

ಓಡಿದಳು. ಹನ್ನೊಂದು ವರ್ಷ ಕಾಪಾಡಿಕೊಂಡು ಬಂದ ಹೆಸರು. ಸಂಕಟವಾಯಿತು, ಸುಳ್ಳೇಕೆ ಹೇಳಲಿ? ಆದರೆ ವಿಮಾನ ಮೇಲೇರಿದಾಗ ಮಾವನಿಗಿಂತ ಜೋರಾಗಿ ಕೂಗಿದವನು ನಾನೇ.

ಮಾರನೆಯ ದಿನ ಮಧ್ಯಾಹ್ನ ಫೋನು.

"ಅಣ್ಣಾ, ಎರಡನೇ ಸ್ಥಾನ! ತಂಡಕ್ಕೆ ಸೇರಿಸ್ಕೊಂಡ್ರು! ಮುಂದಿನ ತಿಂಗಳು ಹೊರದೇಶದಲ್ಲಿ ರೇಸು... ಪೆಟ್ಟಿಗೆ ನೀವೇ ಕಟ್ಟಬೇಕು!"

"ಕಟ್ಟೋಣ ತಾಯಿ. ಆದ್ರೆ ಆ ವಾರ ನಿನ್ನ ಮಾವನ ಲಾರಿಗೆ ಚೀನಾ ಗಡಿಗೆ ಒಂದು ಲೋಡು ನಾನೇ ಹುಡುಕಿಕೊಡ್ತೀನಿ!"