ಕೊಳೆ ಸ್ಪಂಜು ತಂದವನು

“ಸಾಯೋ ಮೀನೇ ಮಾರ್ತೀರೇನ್ರೀ ನೀವು?”

ಮದ್ದೂರು ಬಸ್‌ಸ್ಟ್ಯಾಂಡ್ ಹತ್ತಿರದ ಬಣ್ಣದ ಮೀನಿನ ಅಂಗಡಿಗೆ ಕಾಲಿಟ್ಟವಳೇ ವನಜಾ ಒಂದು ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲಿಟ್ಟಳು. ಒಳಗೆ ಎರಡು ಗಪ್ಪಿ ಮೀನು... ಹೊಟ್ಟೆ ಮೇಲಾಗಿ.

ಅಂಗಡಿಯ ಶಿವರಾಜು ತಲೆಯೆತ್ತಿದ. ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ಕಣ್ಣು ಮಾತ್ರ ತುಂಬಿತ್ತು. ಕೊರಳಲ್ಲಿ ಅಳತೆ ಟೇಪು. ಮಳವಳ್ಳಿಯಲ್ಲಿ ರವಿಕೆ ಹೊಲಿಯುತ್ತಿದ್ದವಳು ಎದ್ದು ಹಾಗೇ ಬಸ್ಸು ಹತ್ತಿದ್ದಳು.

“ನೀರು ಯಾವಾಗ ಬದಲಾಯಿಸ್ತೀರ?”

“ಶುಕ್ರುವಾರ ಶುಕ್ರುವಾರ! ದೇವರ ದೀಪ ತೊಳೆಯೋವಾಗ್ಲೇ ತೊಟ್ಟಿನೂ ಖಾಲಿ ಮಾಡಿ, ಕಲ್ಲು, ಗಾಜು, ಫಿಲ್ಟ್ರು ಎಲ್ಲಾನೂ ಹುಣಸೆಹಣ್ಣಾಕಿ ಉಜ್ಜಿ, ನಲ್ಲಿ ನೀರು ತುಂಬ್ಸ್ತೀನಿ. ಪಳಪಳ ಅಂತದೆ!”

“ಅಂಗಾರೆ ನಿಮ್ ಕೈಯೇ ಕೊಂದಿರೋದು ಕಣ್ರೀ.”

ಈ ಸೀಮೆಯವರ ಮಾತು, ಸುತ್ತುಬಳಸು ಇಲ್ಲ. ಆದರೆ ವನಜಾಳ ಮುಖದ ಬಣ್ಣವೇ ಇಳಿದುಹೋಯಿತು. ತಿರುಗಿ ನಡೆದೇಬಿಟ್ಟಳು.

ಜೊತೆಗೆ ಬಂದಿದ್ದ ಅವಳ ಸೋದರತ್ತೆ ಅಂಕಮ್ಮ ಮಾತ್ರ ಬಾಗಿಲಲ್ಲೇ ನಿಂತಳು.

“ಏನ್ಲಾ ಅಂದ್ಬುಟ್ಟೆ! ಓದ್ವರ್ಸ ಗಂಡಿನ ಮನೆ ನೋಡಕೆ ಹಲಗೂರಿಗೆ ಓಗಿದ್ವಿ. ಇವ್ಳು ಅವ್ರ ಕೊಟ್ಟಿಗೆ ಅಸುಗೆ ಒಂದು ಬಾಳೆಹಣ್ಣು ತಿನ್ನುಸುದ್ಲು. ಮಾರ್ನೆ ದಿನ ಅಸು ಸತ್ತೋಯ್ತು! ಉಡುಗಿ ಕೈಗುಣ ಚೆಂದಾಗಿಲ್ಲ ಅಂತ ಮದ್ವೆ ಮುರ್ದ್ರು. ಅವತ್ತಿಂದ ತುಳಸಿ ಗಿಡಕ್ಕೂ ನೀರಾಕ್ನಿಲ್ಲ ಕಣ್ಲಾ ಮಗ. ಮೀನು ಬದುಕುದ್ರೆ ನನ್ ಕೈ ಸರಿಯಾಗದೆ ಅಂತ ನಂಬ್ತೀನತ್ತೆ ಅಂತ ತಂದಿದ್ಲು. ನೀನೂ ಅದೇ ಮಾತಾಡುದ್ಯಲ್ಲಾ...”

ಶಿವರಾಜು ಅಂಕಮ್ಮನಿಂದ ಹೊಲಿಗೆ ಅಂಗಡಿಯ ವಿಳಾಸ ಕೇಳಿ ಬರೆದುಕೊಂಡ.

ಭಾನುವಾರ ಮಧ್ಯಾಹ್ನ ಮಳವಳ್ಳಿಯ ಹೊಲಿಗೆ ಅಂಗಡಿ ಮುಂದೆ ಬಂದು ನಿಂತ. ಕೈಯಲ್ಲಿ ನೀರು ತುಂಬಿದ ಕವರು, ಅದರೊಳಗೆ ಕಪ್ಪಗೆ ಲೋಳೆ ಹಿಡಿದ ಒಂದು ಸ್ಪಂಜು.

‘ಅನ್ನೋಕೆ ಇನ್ನೂ ಏನು ಉಳಿಸ್ಕೊಂಡಿದಾನೋ...’ ವನಜಾ ಮಿಷನ್ನು ತುಳಿಯುತ್ತಲೇ ಇದ್ದಳು.

“ಏನ್ರೀ ಈ ಗಲೀಜು?”

“ಗಲೀಜಲ್ಲ. ನಮ್ಮನೆ ತೊಟ್ಟಿ ಫಿಲ್ಟ್ರಿಂದು, ನಾಕು ವರ್ಸದ್ದು. ಕಣ್ಣಿಗೆ ಕಾಣದ ಜೀವ ಇದ್ರಲ್ಲಿ ಅವೆ. ಮೀನಿನ ಕೊಳೆ ವಿಷ ಆಗ್ದಂಗೆ ಅವೇ ಕಾಯೋದು. ವಾರವಾರ ಉಜ್ಜಿ ಅವನ್ನ ಕಳಕೊಂಡ್ರಿ, ಅಷ್ಟೇಯ. ಮಾರೋವಾಗ್ಲೇ ಇದನ್ನ ಹೇಳಬೇಕಾದೋನು ನಾನು. ಹೇಳ್ನಿಲ್ಲ. ತಪ್ಪು ನಿಮ್ ಕೈದಲ್ಲ... ನಂದು.”

ಮಿಷನ್ನು ನಿಂತಿತು.

ಅಂಗಡಿ ಹಿಂದಿನ ಮನೆಯಲ್ಲಿದ್ದ ತೊಟ್ಟಿಯಲ್ಲಿ ಉಳಿದಿದ್ದದ್ದು ಒಂದೇ ಒಂದು ಬೂದು ಬಣ್ಣದ ಹೆಣ್ಣು ಗಪ್ಪಿ, ಮೂಲೆಯಲ್ಲಿ ಏದುಸಿರು ಬಿಡುತ್ತಾ. ಶಿವರಾಜು ಸ್ಪಂಜನ್ನು ಫಿಲ್ಟರಿಗೆ ಸೇರಿಸಿದ. ಒಂದಿಷ್ಟು ನೀರುಗಿಡದ ಎಳೆ ಬಿಟ್ಟ. ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಅಂತ ಬಕೆಟ್ಟಿನಲ್ಲಿ ಒಂದು ದಿನ ಮುಂಚೆ ಹಿಡಿದಿಟ್ಟು, ವಾರಕ್ಕೆ ಕಾಲು ಭಾಗ ಮಾತ್ರ ಬದಲಿಸಿ ಅಂದ. ಎರಡು ನಿಮಿಷದಲ್ಲಿ ತಿಂದು ಮುಗಿಸೋವಷ್ಟೇ ಊಟ ಹಾಕಿ ಅಂದ.

“ಹೊಸ ಮೀನು ತಗೊಳ್ಲಾ?” ವನಜಾ ಕೇಳಿದಳು.

“ಬ್ಯಾಡ. ಮೊದ್ಲು ಇದು ಬದುಕ್ಲಿ.”

ಆಮೇಲೆ ಪ್ರತಿ ಶುಕ್ರವಾರ ಬೆಳಿಗ್ಗೆ ಅವನ ಫೋನು.

“ತೊಳುದ್ರಾ?”

“ಇಲ್ಲ... ಕೈ ನವೆಯಾಯ್ತಾದೆ! ಗಾಜೆಲ್ಲ ಹಸುರು ಕಣ್ರೀ. ನೋಡ್ದೋರು ಸೋಮಾರಿ ಅಂತಾರೆ.”

“ನಾನನ್ನಕಿಲ್ಲ, ಬುಡಿ.”

ವನಜಾ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ! ಬರಬರುತ್ತಾ ಗುರುವಾರ ಸಂಜೆಯಿಂದಲೇ ಅವಳ ಕಣ್ಣು ಫೋನಿನ ಮೇಲೆ.

ಐದನೇ ಶುಕ್ರವಾರ ಅವಳೇ ಮೊದಲು ಫೋನು ಮಾಡಿದಳು. ದನಿ ನಡುಗುತ್ತಿತ್ತು.

“ಬನ್ನಿ... ಈಗ್ಲೇ ಬನ್ನಿ!”

‘ಅದೂ ಹೋಯ್ತೇನೋ...’ ಅಂಗಡಿ ಬಾಗಿಲು ಎಳೆದು ಶಿವರಾಜು ಸಿಕ್ಕ ಬಸ್ಸು ಹತ್ತಿದ.

ಅವನು ಒಳಗೆ ಬರುತ್ತಲೇ ವನಜಾ ಅಂಗಿ ತೋಳು ಹಿಡಿದು ಗಾಜಿನ ಮುಂದೆ ಬಗ್ಗಿಸಿದಳು. ಗಿಡದ ಎಳೆಗಳ ಮರೆಯಲ್ಲಿ ಅವರೆದುರು ತೇಲುತ್ತಿದ್ದವು... ಮೈಯೆಲ್ಲ ಕಣ್ಣೇ ಆದಂಥ ಪುಟ್ಟ ಪುಟ್ಟ ಮರಿಗಳು. ಹನ್ನೊಂದು! ಗಂಡುಮೀನು ಸಾಯುವ ಮೊದಲೇ ಬೂದು ಗಪ್ಪಿ ಬಸಿರಾಗಿತ್ತು.

ವನಜಾ ತನ್ನ ಅಂಗೈಯನ್ನು ಅವನ ಮುಂದೆ ಚಾಚಿದಳು.

“ಈಗ ಹೇಳಿ. ಈ ಕೈ ಹೆಂಗದೆ?”

ಸೂಜಿ ಚುಚ್ಚಿ ಗಟ್ಟಿಯಾದ ಬೆರಳುಗಳು. ಶಿವರಾಜು ಅವನ್ನೇ ನೋಡುತ್ತಾ ಅಂದ.

“ನಮ್ಮನೇಲಿ ಏಳು ತೊಟ್ಟಿ ಅವೆ. ಎಲ್ಲಾನೂ ಈ ಕೈಗೆ ಒಪ್ಪಿಸ್ಬೇಕು ಅಂತ ಆಸೆ. ಜೊತೇಲಿ... ನನ್ನೂವೆ.”

ಅವಳು ತಲೆ ತಗ್ಗಿಸಿದಳು. ಕಣ್ಣ ಹನಿಯೊಂದು ಅಳತೆ ಟೇಪಿನ ಮೇಲೆ ಬಿತ್ತು.

“ಅತ್ತೇನ ಕೇಳಿ... ಆದ್ರೆ ಶುಕ್ರುವಾರ ದೀಪ ಮಾತ್ರ ನಾನು ಹುಣಸೆಹಣ್ಣಾಕೇ ಉಜ್ಜೋದು!”

“ಉಜ್ಜು ವನಜಾ. ತೊಟ್ಟಿಗೆ ನೀರು ನಾನು ಹಿಡಿದಿಡ್ತೀನಿ.”

“ಒಂದು ದಿನ ಮುಂಚೇನೇ...” ಅವಳು ಮೆಲ್ಲಗೆ ಅಂದಳು. ಅವನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.